ನೇಕಾರನ ಮನೆಗೆ ನಾನು ಮಾಡಿದ ಕುಟುಂಬ ಕಲ್ಯಾಣ

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಜನಸಂಖ್ಯೆಯನ್ನು ಒಬ್ಬನೇ ಹಿಡಿದು ನಿಲ್ಲಿಸಿದವನು ನಾನು. ಅದು ಸುಳ್ಳು ಬಿಡಿ ಸ್ವಾಮಿ, ಟೀ ಕುಡಿಯುತ್ತ ನಿಜ ಕೇಳಿ. ತೊಂಬತ್ತರ ದಶಕದಲ್ಲಿ ನಾನು ಆಸ್ಪತ್ರೆ ಜೀಪಿನ ಡ್ರೈವರ್. ನರ್ಸಮ್ಮನನ್ನು ಊರೂರಿಗೆ ಕರೆದೊಯ್ಯುವುದು ನನ್ನ ಕೆಲಸ, ಅವರು ಹೇಳಿದ್ದನ್ನೆಲ್ಲ ಕೆಡಿಸುವುದು ನನ್ನ ಬಾಯಿಯ ಕೆಲಸ. ಹೋದಲ್ಲೆಲ್ಲ ಏನಾದರೊಂದು ಆಗುತ್ತಲೇ ಇತ್ತು. ಆದರೆ ಮೊಳಕಾಲ್ಮೂರಿನ ಒಬ್ಬ ರೇಷ್ಮೆ ನೇಕಾರ, ಅವನ ಹೆಂಡತಿ, ಇವರಿಬ್ಬರನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

೧. ಲಾಳಿ

ಎರಡು ಮಕ್ಕಳು ಸಾಕೆಂದು ನೇಕಾರ ನಿರೋಧ್ ಆರಿಸಿಕೊಂಡ. ಎಷ್ಟು ಕೊಟ್ಟರೂ ಸಾಲದು. ನರ್ಸಮ್ಮನಿಗೆ ಖುಷಿಯೋ ಖುಷಿ. ವರ್ಷದೊಳಗೆ ಹೆಂಡತಿ ಬಸುರಿ.

"ಅಷ್ಟೊಂದು ಒಯ್ದಿರಲ್ಲಮ್ಮ, ಏನ್ ಮಾಡಿದ್ರಿ?"

ಅವಳು ಮಗ್ಗದ ಕಡೆ ಕೈ ತೋರಿಸಿದಳು. "ಅದ್ರ ಎಣ್ಣೆ ಸವರಿದ್ರೆ ಲಾಳಿ ಜಾರ್ಕೊಂಡು ಓಡ್ತೈತಂತೆ. ಲಾಳಿಗೇನೂ ಆಗ್ಲಿಲ್ಲ ನರ್ಸಮ್ಮ, ನನಗಾಯ್ತು."

ಈ ಉಪಾಯ ಹೇಳಿಕೊಟ್ಟೋರು ಯಾರು ಅಂತ ನರ್ಸಮ್ಮ ಕೇಳಿದರು. ನಾನು ಜೀಪಿನ ಟೈರು ನೋಡಲು ಹೋದೆ.

೨. ಮಾತ್ರೆ

ಮೂರನೇ ಹೆರಿಗೆಯಲ್ಲಿ ಅವಳು ಬಹಳ ಸೋತಳು. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಳ್ಳಲು ಭಯ, ಅದಕ್ಕೆ ಮಾತ್ರೆ. ಒಂದು ದಿನವೂ ತಪ್ಪಿಸಬಾರದು ಅಂತ ನರ್ಸಮ್ಮ ಹೇಳಿದ್ದರು. ತಿಂಗಳು ಬಿಟ್ಟು ಹೋದರೆ ಮಾತ್ರೆಯ ಪಟ್ಟಿ ಪೂರ್ತಿ ಖಾಲಿ.

"ಸೋಮವಾರ, ಶನಿವಾರ ನನಗೆ ಉಪವಾಸ. ಆವತ್ತಿಂದು ನಮ್ಮೋರೇ ನುಂಗಿದ್ರು. ಗಂಡ ಹೆಂಡ್ತಿಯಾಗೆ ಯಾರು ನುಂಗಿದ್ರೂ ಒಂದೇ ಅಂತ ಡ್ರೈವರಣ್ಣ ಅಂದಿದ್ರಲ್ಲ!"

ನರ್ಸಮ್ಮ ನನ್ನನ್ನು ಸುಡುವ ಹಾಗೆ ನೋಡಿ, ನೇಕಾರನನ್ನು ಕೇಳಿದರು: "ನಿನಗೇನೂ ಆಗ್ಲಿಲ್ವೇನಪ್ಪ?"

"ಬೆಳಿಗ್ಗೆ ಎದ್ರೆ ವಾಕರಿಕೆ ಬರ್ತೈತೆ."

೩. ಕ್ಲಚ್ಚು

ಕೊನೆಗೆ ನರ್ಸಮ್ಮ ನೇಕಾರನಿಗೆ ಕೈಮುಗಿದರು. "ಇವಳ ಮೈಯಾಗೆ ರಕ್ತ ಇಲ್ಲ. ಇನ್ನೊಂದು ಬಸುರಾದ್ರೆ ಉಳಿಯಲ್ಲ, ಕೊಯ್ಯೋದನ್ನೂ ತಡೆಯಲ್ಲ. ಆಪರೇಷನ್ ನೀನೇ ಮಾಡಿಸ್ಕೊ."

ನೇಕಾರ ಒಪ್ಪಿ, ಹೆಂಡತಿ ಜೊತೆ ಜೀಪು ಹತ್ತಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅದಾದ್ಮೇಲೆ ಮಗ್ಗ ತುಳಿಯೋಕಾಗಲ್ಲ ಕಣಲೇ" ಅಂದೆ.

ಅವನು ನಗಲಿಲ್ಲ. "ಜೀಪು ನಿಲ್ಸು" ಅಂದ.

"ಹಂಗಾದ್ರೆ ನಾನೇ ಮಾಡಿಸ್ಕೊಂತೀನಿ ಬಿಡ್ರಿ" ಅಂದಳು ಹೆಂಡತಿ. ಕನ್ನಡಿಯಲ್ಲಿ ಅವಳ ಬಿಳಚಿದ ಮುಖ ಕಂಡಿತು. ನನ್ನ ನಾಲಿಗೆ ಮೇಲೆ ನನಗೇ ಹೇಸಿಗೆಯಾಯಿತು. ಸರಿಮಾಡಲು ಇನ್ನೊಂದು ಸುಳ್ಳು ಹೇಳಿದೆ: "ತಮಾಷೆಗಂದೆ ಕಣಪ್ಪ. ನಂದೇ ಆಪರೇಷನ್ ಆಗಿ ಎರಡು ವರ್ಷ ಆಯ್ತು. ನೋಡು, ಕ್ಲಚ್ ಹೆಂಗೆ ತುಳೀತೀನಿ!"

ಅವನಿಗೆ ಸಮಾಧಾನವಾಯಿತು. ಚಳ್ಳಕೆರೆ ಆಸ್ಪತ್ರೆ ಬಾಗಿಲಲ್ಲಿ ಜೀಪು ನಿಂತಿತು. ಎದುರಿಗೆ ನನ್ನ ಹೆಂಡತಿ. ತಪಾಸಣೆಗೆ ಬಂದಿದ್ದಳು. ಏಳು ತಿಂಗಳು.

ನೇಕಾರ ಆ ಹೊಟ್ಟೆ ನೋಡಿದ, ನನ್ನ ನೋಡಿದ. "ಎರಡು ವರ್ಷ ಅಂದ್ಯಲ್ಲಣ್ಣ?"

"ಏನ್ರೀ ಎರಡು ವರ್ಷ?" ಅಂದಳು ನನ್ನವಳು.

ಸುಳ್ಳು ಹಿಡಿದುಕೊಂಡರೆ ಇವಳ ಮಾನ ಹೋಗುತ್ತದೆ, ಬಿಟ್ಟರೆ ಅವನು ಓಡುತ್ತಾನೆ. ಲಾಳಿಯಿಂದ ಹಿಡಿದು ಎಲ್ಲ ಒಪ್ಪಿಕೊಂಡೆ, ಸರದಿಯಲ್ಲಿ ನಿಂತ ಅಷ್ಟು ಜನರ ಮುಂದೆ.

ನನ್ನವಳು ಪೂರ್ತಿ ಕೇಳಿ, "ಒಳಗೆ ನಡೀರಿ" ಅಂದಳು.

"ನಿನ್ನ ತಪಾಸಣೆಗಾ?"

"ನಿಮ್ಮ ಆಪರೇಷನ್‌ಗೆ."

ಆಮೇಲೆ ನಾನು ಈಚೆ ಬಂದಾಗ ನೇಕಾರ ಕಾಯುತ್ತಿದ್ದ. ನನ್ನನ್ನು ನಿಂತ ಜೀಪಿನಲ್ಲಿ ಕೂರಿಸಿದ.

"ಕ್ಲಚ್ಚು?" ತುಳಿದೆ. "ಬ್ರೇಕು?" ತುಳಿದೆ. "ಹಾರ್ನು?"

"ಅದು ಕೈಯಾಗೆ ಹೊಡೆಯೋದಲೇ!"

"ಇರ್ಲಿ, ಎಲ್ಲಾ ನೋಡ್ಬೇಕು." ಹೊಡೆದೆ. ಅವನು ನೆಟ್ಟಗೆ ಒಳಗೆ ಹೋದ. ಅವನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಷ್ಟೆಲ್ಲ ಹೇಳಿದ ಮೇಲೆ ಮುಖ ಎತ್ತಿ ಗಲ್ಲಾದ ಹತ್ತಿರ ಹೋಗೋಕೆ ನನಗೆ ನಾಚಿಕೆ ಆಗ್ತೈತೆ ಸ್ವಾಮಿ. ಟೀ ದುಡ್ಡು ನೀವೇ ಕೊಟ್ಟುಬಿಡಿ.