ಒಂದು ಸರ್ವಿದೋರ್ ಬೇಕಾಗಿದೆ

ದೊನ್ಯಾ ತಾರ್ಹೇಲಿಯಾ ಸೆದ್ರೋನ್ ಎಂಬ ಸೊಪ್ಪಿನ ಕಷಾಯ ಕಾಯಿಸಲು ಕೆಟಲಿನ ಪ್ಲಗ್ ಚುಚ್ಚಿದ್ದೇ ತಡ, ವಿಭಾಗದಲ್ಲಿದ್ದ ಒಂದೇ ಒಂದು ಕಂಪ್ಯೂಟರು ಬಿಕ್ಕಳಿಸಿ ಕಣ್ಣು ಮುಚ್ಚಿತು.

"ಅಯ್ಯೋ ದೇವರೇ, ಹೋಯ್ತಾ?" ಎಂದಳು ಗುಮಾಸ್ತೆ ತಾರ್ಹೇಲಿಯಾ.

"ಹೋಯ್ತು," ಎಂದ ಓಲ್ಗರ್ ಚಾಫ್ಲಾ.

ರಿಯೊಬಾಂಬಾ ಊರಿನ ವಿಶ್ವವಿದ್ಯಾಲಯದಲ್ಲಿ ನಲವತ್ತಾರರ ಓಲ್ಗರ್ ಹವಾಮಾನ ಶಾಸ್ತ್ರ ಕಲಿಸುತ್ತಿದ್ದ. ಬೆಟ್ಟದ ಆಲೂಗಡ್ಡೆ ಹೊಲಗಳ ಮೇಲೆ ಯಾವ ರಾತ್ರಿ ಹಿಮ ಬೀಳುತ್ತದೆಂದು ಲೆಕ್ಕ ಹಾಕುವುದು ಆ ಯಂತ್ರದ ಕೆಲಸ. ಅದು ಎಷ್ಟು ಮುದಿಯಾಗಿತ್ತೆಂದರೆ ಇಂದಿನ ಹಿಮವನ್ನು ನಾಡಿದ್ದು ಹೇಳುತ್ತಿತ್ತು. ಅಷ್ಟರಲ್ಲಿ ಗಿಡಗಳು ಸುಟ್ಟು ಕಪ್ಪಾಗಿರುತ್ತಿದ್ದವು. ಓದಿದವರನ್ನೆಲ್ಲ ಇಂಜಿನಿಯರ್ ಎನ್ನುವ ಬೆಳೆಗಾರ ಸೆಗುಂದೊ ಪಗ್ವಾಯ್ ದಿನಾ ಸಂಜೆ ಫೋನು ಮಾಡಿ "ಇವತ್ತು ಬೀಳುತ್ತಾ ಇಂಜಿನಿಯರ್ರೇ?" ಎಂದು ಕೇಳುತ್ತಿದ್ದ. "ಲೆಕ್ಕ ನಡೀತಾ ಇದೆ" ಎಂದು ಹೇಳಿ ಹೇಳಿ ಓಲ್ಗರನಿಗೆ ನಾಚಿಕೆಯಾಗಿತ್ತು.

ಸಂಶೋಧನಾ ನಿಧಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ, ಸಂಜೆ ಐದು ಗಂಟೆಯವರೆಗೆ. ಓಲ್ಗರ್ ಕೂತು ಬೇಕಾದ ಯಂತ್ರದ ಹೆಸರನ್ನು ಒಂದೂವರೆ ಸಾಲು ಬರೆದ. ತಾರ್ಹೇಲಿಯಾ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನಿದು, ಔಷಧಿ ಚೀಟಿನಾ? ಇಂಗ್ಲಿಷ್ ಬರೆದ್ರೆ ಬಿಸಾಕ್ತಾರೆ. ಸರ್ವಿದೋರ್ ಅಂತ ಬರೀರಿ, ಸಾಕು. ಎಲ್ಲಾ ಕಂಪ್ಯೂಟರ್‌ಗಳ ಚಾಕರಿ ಮಾಡೋ ದೊಡ್ಡ ಕಂಪ್ಯೂಟರ್‌ನ ಈಗ ಹಾಗೇ ತಾನೆ ಕರೆಯೋದು?"

ಹಾಗೇ ಬರೆದ. ಡೀನ್ ಆಸ್ತುದಿಯೊ ಸಹಿ ಹಾಕುವ ಮುನ್ನ ಕನ್ನಡಕ ಏರಿಸಿದರು.

"ಸಮರ್ಥನೆ ಎಲ್ರೀ? ಸರ್ಕಾರ ಕರಗ್ಬೇಕು! ಬರ್ಕೊಳ್ಳಿ: ಹಗಲಿರುಳು ದುಡಿಮೆ. ರಜೆ ಬೇಡ. ಸಂಬಳ ಬೇಡ. ಒಂದು ತಂಪು ಕೋಣೆ ಸಾಕು."

"ಬರೆದೆ, ಡಾಕ್ಟರ್."

"ಮತ್ತೆ ಕೊನೇಲಿ ಮರ್ಯಾದೆ ಎಲ್ಲಿ? ನೀವೇನು ಹೊರನಾಡಿನೋರಾ? 'ತಮ್ಮ ವಿಧೇಯ ಸರ್ವಿದೋರ್' ಅಂತ ಹಾಕಿ ಸಹಿ ಮಾಡ್ರಿ, ಸೇವಕನಿಗೂ ಅದೇ ಪದ ತಾನೆ? ನಮ್ಮಜ್ಜ ಸಾಲ ಕೇಳೋವಾಗ್ಲೂ ಹಾಗೇ ಬರೀತಿದ್ರು."

ಓಲ್ಗರ್ ಅದನ್ನೂ ಬರೆದು ಓಡಿದ. ಮಾರುಕಟ್ಟೆಯ ಹತ್ತಿರ ಹುರಿದ ಹಂದಿ ಮಾರುವ ಹೆಂಗಸರು "ಬಾ ರಾಜಾ, ರುಚಿ ನೋಡು" ಎಂದು ಬಾಯಿಗೇ ತುಂಡು ತುರುಕಿದರು. ಅಗಿಯುತ್ತಲೇ ನಿಧಿಯ ಕಚೇರಿ ತಲುಪಿದಾಗ ಅರ್ಜಿ ಕಿಟಕಿಯ ಹಿಂದಿದ್ದಾಕೆ ಅದರ ಬಾಗಿಲು ಎಳೆಯುತ್ತಿದ್ದಳು.

"ಅಮ್ಮಾ, ಸ್ವಲ್ಪ ಕರುಣೆ ತೋರ್ಸಿ! ಇನ್ನೂ ಎರಡು ನಿಮಿಷ ಇದೆ!"

ಅವಳು ನಿಟ್ಟುಸಿರುಬಿಟ್ಟು ಅರ್ಜಿ ಓದಿದಳು. ಹುಬ್ಬು ಮೇಲೇರಿತು.

"ಸರ್ವಿದೋರಾ? ರಜೆ ನಿಜವಾಗ್ಲೂ ಬೇಡ್ವಾ?"

"ಬೇಡ."

"ಸಂಬಳಾನೂ?"

"ಅಯ್ಯೋ, ಅದೆಲ್ಲಾ ಯಾಕೆ?"

"ಹಳೇ ಸರ್ವಿದೋರ್‌ಗೆ ಏನಾಯ್ತು?"

"ಇವತ್ತು ಬೆಳಿಗ್ಗೆ ಪ್ರಾಣ ಹೋಯ್ತು. ದೊನ್ಯಾ ತಾರ್ಹೇಲಿಯಾ ಕಷಾಯ ಕಾಯಿಸ್ತಿದ್ರು."

ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಓಲ್ಗರನನ್ನು ಅಡಿಯಿಂದ ಮುಡಿಯವರೆಗೆ ಕನಿಕರದಿಂದ ನೋಡಿ ಕೇಳಿದಳು: "ಕೆಲಸ ಯಾವತ್ತಿಂದ ಶುರು?"

"ನೀವು ಮನಸ್ಸು ಮಾಡಿದ್ರೆ ಇವತ್ತಿಂದ್ಲೇ!"

ಮೊಹರು ಬಿತ್ತು. ಆ ಸದ್ದು ಕೇಳಿ ಓಲ್ಗರನಿಗೆ ಎದೆಯ ಮೇಲಿನ ಬಂಡೆ ಇಳಿದಷ್ಟು ಹಗುರವಾಯಿತು. ಸಿಳ್ಳೆ ಹಾಕುತ್ತಾ ವಿಭಾಗಕ್ಕೆ ಮರಳಿದ. ಡೀನರು ಬೆನ್ನು ತಟ್ಟಿದರು, ತಾರ್ಹೇಲಿಯಾ ಧೈರ್ಯವಾಗಿ ಮತ್ತೆ ಕೆಟಲಿನ ಪ್ಲಗ್ ಚುಚ್ಚಿದಳು.

ಆರು ಗಂಟೆಗೆ ಮೋಟಾರ್ ಸೈಕಲ್ಲಿನಲ್ಲಿ ಉತ್ತರವೇ ಬಂತು. ಒಂದೇ ಗಂಟೆಯಲ್ಲಿ ಉತ್ತರ! ಡೀನರು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು:

"'ತಾವು ಕೋರಿದ ಸರ್ವಿದೋರ್ ಮಂಜೂರಾಗಿದೆ. ಕಾನೂನಿನ ಪ್ರಕಾರ ಸರ್ಕಾರಿ ನೌಕರರೆಲ್ಲರೂ ಸರ್ವಿದೋರ್‌ಗಳಾದ್ದರಿಂದ ಅರ್ಜಿಯನ್ನು ಸಿಬ್ಬಂದಿ ಶಾಖೆ ಪರಿಶೀಲಿಸಿದೆ. ಅರ್ಜಿಯ ಕೆಳಗೆ ಸರ್ವಿದೋರ್ ಎಂದು ಸಹಿ ಮಾಡಿರುವ ಶ್ರೀ ಓಲ್ಗರ್ ಚಾಫ್ಲಾ ಒಬ್ಬರೇ ಅಭ್ಯರ್ಥಿ. ಅವರನ್ನೇ ಇಂದಿನಿಂದ ತಂಪು ಕೋಣೆಗೆ ನೇಮಿಸಿದೆ. ಹಗಲಿರುಳು ಕೆಲಸ. ಅವರ ಇಚ್ಛೆಯಂತೆ ರಜೆ ಮತ್ತು ಸಂಬಳ ಇರುವುದಿಲ್ಲ.'"

ಡೀನರು ಕಾಗದ ಮಡಿಸಿ, "ಸದ್ಯ, ಹೊಸ ವೈರಿಂಗ್ ಮಾಡಿಸೋ ತಾಪತ್ರಯ ತಪ್ಪಿತು," ಎಂದು ಟೋಪಿ ಹಾಕಿಕೊಂಡು ಮನೆಗೆ ಹೊರಟರು.

ಫೋನು ಬಡಿದುಕೊಂಡಿತು. "ಇವತ್ತು ಬೀಳುತ್ತಾ ಇಂಜಿನಿಯರ್ರೇ?"

'ಲೆಕ್ಕ ನಡೀತಾ ಇದೆ' ಎನ್ನಲು ಲೆಕ್ಕ ಹಾಕುವ ಯಂತ್ರವೇ ಇರಲಿಲ್ಲ. ಓಲ್ಗರ್ ಕಿಟಕಿ ತೆರೆದು ಕೈ ಹೊರಗೆ ಚಾಚಿದ. ಗಾಳಿ ಸತ್ತಿತ್ತು. ಚಿಂಬೊರಾಸೊ ಬೆಟ್ಟದ ನೆತ್ತಿಯಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಚಳಿಗೆ ಬೆರಳ ತುದಿ ಚುರುಗುಟ್ಟಿತು.

"ಬೀಳುತ್ತೆ ದೊನ್ ಸೆಗುಂದೊ. ಇವತ್ತೇ. ಈಗ್ಲೇ ಹೋಗಿ ಹುಲ್ಲು ಹೊದಿಸಿ."

ಹೇಳಿ ಮುಗಿಸಿದಾಗ ಓಲ್ಗರನಿಗೆ ಎಷ್ಟೋ ವರ್ಷಗಳ ನಾಚಿಕೆ ಇಳಿದುಹೋದ ಹಾಗೆ ನೆಮ್ಮದಿಯಾಯಿತು.

ಆ ಕಡೆ ಸೆಗುಂದೊ ಕುಣಿದಾಡಿಬಿಟ್ಟ. "ಅಬ್ಬಾ! ಕೇಳಿದ ದಿನಾನೇ ಉತ್ತರ! ಹೊಸ ಮಿಷನ್ನು ಬಂತೇನ್ರೀ?"

"ಬಂತು," ಎಂದ ಓಲ್ಗರ್, ತಂಪು ಕೋಣೆಗೆ ಕಂಬಳಿ ಹುಡುಕುತ್ತಾ. "ಹೊಸದಲ್ಲ. ನಲವತ್ತಾರು ವರ್ಷದ್ದು."