ಒಗೆಯುವ ಕಲ್ಲು

ಮಗಳ ಮದುವೆಗೆ ಮನೆ ಚೆಂದ ಕಾಣಲೆಂದು ತೋಟಪ್ಪ ಹಿತ್ತಲಿಗೆಲ್ಲ ಹಾಸುಗಲ್ಲು ಹಾಕಿಸಿದ್ದ. ಆ ಹುರುಪಿನಲ್ಲಿ ಪಾಯಖಾನೆ ಗುಂಡಿಯ ಮುಚ್ಚಳವೂ ಕಲ್ಲಿನಡಿ ಸೇರಿಹೋಯಿತು. ಈಗ ಗುಂಡಿ ತುಂಬಿ ಉಕ್ಕುತ್ತಿತ್ತು. ಗಂಡಸರಿಗೇನು, ಆನೆಕೊಂಡದ ಕಡೆಯ ಬಯಲು ಹಗಲೆಲ್ಲ ಅವರದೇ. ಅವನ ಹೆಂಡತಿ ಮರುಳಸಿದ್ದಮ್ಮ ಮಾತ್ರ ಕೋಳಿಗಿಂತ ಮೊದಲು ಎದ್ದು ಚೊಂಬು ಹಿಡಿದು ಓಡುತ್ತಿದ್ದಳು. ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತನ್ನ ಪಾಡು ಹಾಗಿರಲಿ, ಇವತ್ತು ಸಂಜೆ ಹರಿಹರದಿಂದ ತುಂಬುಬಸುರಿ ಮಗಳು ಹೆರಿಗೆಗೆ ಬರುವವಳಿದ್ದಳು.

ಅಂತೂ ಕಾಡಿ ಬೇಡಿ ಗುಂಡಿಯ ಹೊಲಸು ಎಳೆಯುವ ಟ್ಯಾಂಕರ್ ಬಂತು. ಡ್ರೈವರ್ ಹಯಾತ್ ಸಾಬ್ ಇಳಿದು ಕೇಳಿದ: "ಮುಚ್ಚಳ ಎಲ್ಲೈತ್ರಿ ಅಮ್ಮಾರ?"

"ಒಗೆಯೋ ಕಲ್ಲಿನ ಕೆಳಗೈತಪ್ಪ. ಬಟ್ಟೆ ಕುಕ್ಕಿದಾಗೆಲ್ಲ ಡಬ್ ಡಬ್ ಅಂತೈತೆ."

"ಯಜಮಾನ್ರನ್ನ ಕರೀರಿ," ಅಂದ ಹಯಾತ್ ಸಾಬ್.

ಯಜಮಾನರು ಬಂದರು. "ಏ, ನಿನಗೇನ್ ಗೊತ್ತಾಗ್ತೈತೆ? ನಾನು ನಿಂತು ಕಟ್ಟಿಸಿದ್ದು!" ಎಂದು ಕೂಲಿಯಾಳುಗಳ ಕೈಲಿ ನುಗ್ಗೆಮರದ ಬುಡ ಅಗೆಸಿದರು. ಬೇರು ಸಿಕ್ಕಿತು. ಪಕ್ಕದ ಮನೆಯ ವಾಮದೇವಪ್ಪ ಕಾಂಪೌಂಡಿನ ಮೇಲೆ ಕತ್ತು ಚಾಚಿ, "ವಾಯುವ್ಯದಾಗೆ ನೋಡ್ರಿ ತೋಟಪ್ಪಾರೆ, ಶಾಸ್ತ್ರ ಸುಳ್ಳಾಗಲ್ಲ," ಅಂದ. ವಾಯುವ್ಯದಲ್ಲಿ ನಲ್ಲಿ ಪೈಪು ಒಡೆಯಿತು. ಹಿತ್ತಲು ಹೆಗ್ಗಣಗಳು ಮದುವೆ ಮಾಡಿ ಎದ್ದುಹೋದ ಚಪ್ಪರದಂತಾಯಿತು.

"ಒಗೆಯೋ ಕಲ್ಲು ಎತ್ರೀ ಅಂದ್ರೆ!"

"ಹೋಗಿ ಎಲ್ಲರಿಗೂ ಚಾ ಮಾಡ್ಕೊಂಡ್ ಬಾರೇ."

ಒಲೆಯ ಮೇಲಿನ ಚಹಾಕ್ಕಿಂತ ಮೊದಲು ಅವಳೇ ಕುದಿದಳು. ಆ ಕಲ್ಲಿನ ಮೇಲೆ ಇವರ ಪಂಚೆಯ ಕೊಳೆ ಬಿಡಿಸುವುದಕ್ಕೆ ನಾನು ಬೇಕು. ಅದರ ಹೊಟ್ಟೆಯಲ್ಲೇನಿದೆ ಎಂದು ಹೇಳುವುದಕ್ಕೆ ಯಜಮಾನರು ಬೇಕು! ಬೀದಿಯಲ್ಲಿ ಟ್ಯಾಂಕರ್ ಗುರ್ ಎನ್ನತೊಡಗಿತು. ಸದ್ಯ, ಸಿಕ್ಕಿತೇನೋ ಎಂದು ಚಹಾ ಹಿಡಿದು ಬಂದರೆ ಗಂಡ ಇನ್ನೊಂದು ಮೂಲೆ ಅಗೆಸುತ್ತ ನಿಂತಿದ್ದ.

ತಟ್ಟೆ ಕುಕ್ಕಿ, ಸೆರಗು ಸಿಕ್ಕಿಸಿ, ಹಾರೆ ಕಸಿದು ಅವಳೇ ಒಗೆಯುವ ಕಲ್ಲು ಮೀಟಿದಳು. ಕೆಳಗಿನ ಹಾಸುಗಲ್ಲು ಎಬ್ಬಿಸಿದಳು. ಮುಚ್ಚಳ!

"ನಾನು ಆಗ್ಲೇ ಅಂದ್ಕೊಂಡಿದ್ದೆ," ಅಂದ ತೋಟಪ್ಪ.

"ಪೈಪು ತರ್ಸಪ್ಪ ಹಯಾತ್ ಸಾಬ್!"

ಹಯಾತ್ ಸಾಬ್ ತಲೆ ಕೆರೆದುಕೊಂಡ. "ಗಾಡಿ ತುಂಬೇತ್ರಿ ಅಮ್ಮಾರ."

"ಯಾರದು ತುಂಬ್ಕೊಂಡ್ಯೋ?"

"ವಾಮದೇವಪ್ಪಾರದು. ಗಾಡಿ ಸುಮ್ನೆ ಯಾಕ ನಿಂತೈತೆ, ಅವರದಾದ್ರೂ ಎಳ್ಕ ಅಂತ ನಿಮ್ಮ ಯಜಮಾನ್ರೇ ಅಂದ್ರಲ್ರಿ. ಸುರಿದು ಬರೋದ್ರಾಗೆ ಕತ್ತಲಾಗ್ತೈತೆ, ನಾಳೆಯಿಂದ ಗುತ್ತೂರ ಫ್ಯಾಕ್ಟ್ರಿ ಕೆಲಸ. ಇನ್ನ ಬರೋ ತಿಂಗಳೇ."

ಅವಳು ಗಂಡನ ಕಡೆ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಜಟಕಾ ನಿಂತಿತು. ಮಗಳು ಹೊಟ್ಟೆ ಹಿಡಿದು ಇಳಿದಳು. "ಅವ್ವಾ, ಹರಿಹರದಿಂದ ತಡ್ಕೊಂಡ್ ಬಂದೀನಿ. ಮೊದಲು ಹಿತ್ತಲಿಗೆ ಹೋಗ್ತೀನಿ."

"ನಡಿಯವ್ವ. ನಮ್ಮ ಪಾಳಿ ನುಂಗಿದೋರ ಮನೇಗೇ ಹೋಗಾನ."

ಪಕ್ಕದ ಬಾಗಿಲಲ್ಲಿ ವಾಮದೇವಪ್ಪನ ಹೆಂಡತಿ ಕಮಲಕ್ಕ ಸೆರಗಿನ ತುದಿ ತಿರುಚುತ್ತ ನಿಂತಳು. "ನಂದೇನೂ ಇಲ್ಲ ಕಣಕ್ಕ, ಯಜಮಾನ್ರನ್ನ ಕೇಳ್ಬೇಕು. ಗುಂಡಿ ಈಗಿನ್ನ ಖಾಲಿಯಾಗೈತೆ, ಯಾರನ್ನೂ ಬಿಡಬ್ಯಾಡ ಅಂತ ಪಾಯಖಾನೆಗೆ ಬೀಗ ಹಾಕಿ, ಕೀಲಿಕೈ ತಗಂಡು ಹೋಗ್ಯಾರೆ."

"ಎಲ್ಲಿಗೆ ಹೋಗ್ಯಾರೆ?"

"ನಿಮ್ಮ ಹಿತ್ತಲಿಗೇ. ವಾಸನೆ ಬರದಂಗೆ ಆ ಮುಚ್ಚಳದ ಮೇಲೆ ಗಟ್ಟಿಯಾಗಿ ಸಿಮೆಂಟ್ ಹಾಕ್ಸಾಕೆ."