ಗೇಟಿನ ಪಕ್ಕದ ಎಕ್ಕ

ಹಾವು ಬರಬಹುದಿತ್ತು. ಹಾವಿನ ಹಿಂದೆ ಮುಂಗುಸಿ ಬಂದು, ಮುಂಗುಸಿ ನೋಡಲು ಬೀದಿಯವರೆಲ್ಲ ಬಂದು ಗೇಟು ಮುರಿಯಬಹುದಿತ್ತು. ಹೊಂಗೆಯ ಬೇರು ಪಾಯಕ್ಕೆ ನುಗ್ಗಬಹುದಿತ್ತು. ತುಂಬೆ ಹೂವಿಗೆ ಬಂದ ಜೇನು ಗ್ಯಾಸ್ ತರುವವನಿಗೆ ಕಚ್ಚಿ, ಅವನು ನಮ್ಮ ಮನೆಗೆ ಸಿಲಿಂಡರ್ ತರುವುದನ್ನೇ ಬಿಡಬಹುದಿತ್ತು. ಎಕ್ಕದ ಹಾಲು ನನ್ನ ಕಣ್ಣಿಗೆ ಸಿಡಿಯಬಹುದಿತ್ತು. ಐವತ್ತು ದಾಟಿದ ಮೇಲೆ ಎಲ್ಲರಿಗೂ ಏನಾದರೊಂದು ಹವ್ಯಾಸ ಅಂಟಿಕೊಳ್ಳುತ್ತದಂತೆ. ನನಗೆ ಚಿಂತೆ ಹುಟ್ಟಿನಿಂದಲೇ ಇತ್ತು. ತೋಟಗಾರಿಕೆ ಆಮೇಲೆ ಬಂತು.

ತಿಪಟೂರಿನಲ್ಲಿ ಮನೆ ಕಟ್ಟಿಸಿದಾಗ ಮುಂದೆ ಒಂದಿಷ್ಟು ಜಾಗ ಉಳಿಸಿಕೊಂಡಿದ್ದೆ. ನರ್ಸರಿಯವನು ಬಂದು ನೋಡಿ, ಹುಲ್ಲುಹಾಸು ಹಾಕಿಸಿ ನಡುವೆ ಒಂದು ಅಲಂಕಾರದ ತಾಳೆ ನೆಡಿ ಎಂದ. ಕಾಯಿ ಬಿಡುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ. ನೋಡಲು ತೆಂಗಿನ ಹಾಗಿದ್ದು ಕಾಯಿ ಮಾತ್ರ ಬಿಡದ ಮರವನ್ನು ತಿಪಟೂರಿನವನಿಗೆ ಮಾರಲು ಬಂದ ಧೈರ್ಯಕ್ಕೆ ಮೆಚ್ಚಿ, ಕಾಫಿ ಕೊಟ್ಟು ಕಳಿಸಿದೆ. ಈ ಮಣ್ಣಿನವೇ ಆದ, ಹಕ್ಕಿ ಚಿಟ್ಟೆಗಳಿಗೆ ಬೇಕಾದ ಗಿಡಗಳನ್ನೇ ಹಾಕುವುದೆಂದು ತೀರ್ಮಾನಿಸಿದೆ. ಹೊಂಗೆ, ಲಕ್ಕಿ, ತಂಗಡಿ, ತುಂಬೆ. ಗೇಟಿನ ಪಕ್ಕ, ಬಿಸಿಲು ಚೆನ್ನಾಗಿ ಬೀಳುವಲ್ಲಿ, ಎಕ್ಕ. ಅದರ ಎಲೆ ತಿಂದೇ ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆಯೊಂದಿದೆ.

ಯಾವ ಚಿಂತೆಯನ್ನೂ ಬಿಡದ ನಾನು ಅವ್ವನನ್ನು ಮರೆತಿದ್ದೆ. ನಮ್ಮ ಕಡೆ ಸಿಟ್ಟು ನೆತ್ತಿಗೇರಿದರೆ "ನಿನ್ ಮನೆ ಎಕ್ಕುಟ್ಟೋಗ" ಎಂದು ಶಪಿಸುತ್ತಾರೆ. ಮನೆ ಹಾಳುಬಿದ್ದು ಅಂಗಳದಲ್ಲಿ ಎಕ್ಕ ಹುಟ್ಟಲಿ ಎಂದು.

"ಆಗ್ದೋರು ಬಾಯಲ್ಲಿ ಅಂತಾರೆ ಅಷ್ಟೆ," ಎಂದಳು ಅವ್ವ. "ನೀನು ಗುಂಡಿ ತೆಗ್ದು, ಗೊಬ್ರ ಹಾಕಿ, ನೀರ್ ಬೇರೆ ಬುಡ್ತಾ ಇದ್ದೀಯಲ್ಲೋ."

ಅಂದಿನಿಂದ ಅವಳ ಓಡಾಟ ಹಿತ್ತಲ ಬಾಗಿಲಲ್ಲಿ. ಅಲ್ಲಿ ಮೆಟ್ಟಿಲು ಎತ್ತರ, ಅವಳಿಗೆ ಮಂಡಿನೋವು. ಅರಳಗುಪ್ಪೆಯ ಅಕ್ಕನ ಮನೆಗೆ ಹೋಗಿ ಅಲ್ಲೇ ಇದ್ದುಬಿಡುತ್ತೇನೆಂದು ಬ್ಯಾಗಿಗೆ ಸೀರೆಗಳನ್ನೂ ತುಂಬಿದಳು. ಗಿಡ ಕಿತ್ತುಬಿಡಲೇ ಎಂದು ಹೆಂಡತಿಯನ್ನು ಕೇಳಿದರೆ, ನೆಡುವಾಗ ಕೇಳಲಿಲ್ಲ, ಕೀಳುವಾಗಲೂ ಕೇಳಬೇಡಿ ಎಂದಳು.

ಆದರೆ ಮನೆ ಉಳಿಸಿದವಳೂ ಹೆಂಡತಿಯೇ. ಅವ್ವನ ಮಂಡಿ ಊದಿಕೊಂಡ ಒಂದು ಸಂಜೆ ಎಲೆಗೆ ಹರಳೆಣ್ಣೆ ಸವರಿ, ಹೆಂಚಿನ ಮೇಲೆ ಬಿಸಿಮಾಡಿ ಕಟ್ಟಿದಳು. ಬೆಳಿಗ್ಗೆ ನೋವು ಇಳಿದಿತ್ತು. ಎಕ್ಕದೆಲೆ ಎಲ್ಲಿಂದ ತಂದೆ ಎಂದು ಅವ್ವ ಕೇಳಿದಳು. "ನಮ್ಮನೇದೇ ಅತ್ತೆ." ಅಂದು ಅವ್ವ ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಸೋಮವಾರ ನಾಲ್ಕು ಹೂ ಬಿಡಿಸಿ ಶಿವನಿಗೂ ಇಟ್ಟಳು. ಬ್ಯಾಗು ಅಟ್ಟಕ್ಕೆ ಹೋಯಿತು.

ಆಮೇಲೆ ಜಗುಲಿಯ ಮೇಲೆ ಕೂತು ಗಿಡ ನೋಡುವುದೇ ಅವಳ ಕೆಲಸವಾಯಿತು. ಪಟ್ಟೆ ಪಟ್ಟೆ ಹುಳ ಎಲೆ ಮೇಯುವುದನ್ನೂ, ಚಿಟ್ಟೆ ಹೊರಬಂದು ರೆಕ್ಕೆ ಆರಿಸಿಕೊಳ್ಳುವುದನ್ನೂ ಕಂಡಳು. ಒಂದು ದಿನ ಅವಳ ಮಂಡಿಗೆಂದೇ ಎಲೆಗೆ ಕೈ ಹಾಕಿದೆ.

"ಅದು ಉಣ್ಣೋ ತಟ್ಟೆಗೆ ಕೈ ಹಾಕ್ಬ್ಯಾಡ ಕಣ್ಲಾ. ಕೆರೆ ಏರಿ ಮ್ಯಾಲೆ ಬೇಕಾದಷ್ಟೈತೆ, ಹೋಗಿ ತಗಂಬಾ."

ಹೀಗಾಗಿ ಈಗ ಸಂಜೆ ಹೊತ್ತು ಚೀಲ ಹಿಡಿದು ಕೆರೆ ಏರಿಗೆ ಹೋಗುತ್ತೇನೆ. ಮೊನ್ನೆ ಎದುರು ಮನೆಯ ಕೊಬ್ಬರಿ ವ್ಯಾಪಾರಿ ಶಿವಣ್ಣ ಗಾಡಿ ನಿಲ್ಲಿಸಿ, "ಇದೇನ್ ಸಾ, ನಿಮ್ಮನೆ ಮುಂದೇನೇ ಐತಲ್ಲ?" ಎಂದರು.

"ಅದು ಹುಳದ್ದು ಶಿವಣ್ಣ," ಎಂದೆ.

ಅವರು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ ಗಾಡಿ ಬಿಟ್ಟರು. ನಾನು ಎಲೆ ಕೀಳತೊಡಗಿದೆ. ಏರಿಯ ಮೇಲೂ ಒಂದೊಂದನ್ನೂ ತಿರುಗಿಸಿ ನೋಡಿಯೇ ಕೀಳುತ್ತೇನೆ. ಇಲ್ಲೂ ಹುಳ ಇರುವುದು ಅವ್ವನಿಗೆ ಗೊತ್ತಾದರೆ ಇನ್ನೆಷ್ಟು ದೂರ ಕಳಿಸುತ್ತಾಳೋ ಎಂಬುದು ಈಗಿನ ಚಿಂತೆ.